ಮಳೆಗಿಂತ ಉಜ್ಜಾಟವೇ ಹಿತ್ತಾಳೆಗೆ ಭಾರ

ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಾಗಿಲ ಸಾಮಾನಿಗೆಂದೇ ಒಂದು ಗೋಡೆ ಮೀಸಲಿರುತ್ತದೆ. ಹಿಡಿ, ಚಿಲಕ, ಬಿಜಾಗರಿ, ಟವರ್ ಬೋಲ್ಟು, ಬಾಗಿಲು ಬಡಿಯುವ ಸಿಂಹಮುಖದ ಬಳೆ, ಎಲ್ಲವೂ ಒಂದೇ ಹೊಂಬಣ್ಣದಲ್ಲಿ ಮಿರುಗುತ್ತವೆ. ಅಕ್ಕಪಕ್ಕ ತೂಗುವ ಎರಡು ಹಿಡಿಗಳು ನೋಡಲು ತದ್ರೂಪಿ. ಬೆಲೆಯಲ್ಲಿ ಮಾತ್ರ ಹಲವು ಪಟ್ಟು ವ್ಯತ್ಯಾಸ. ಮನೆ ಕಟ್ಟಿಸುತ್ತಿರುವವರು ಅಲ್ಲಿ ನಿಂತು ಕೇಳುವುದು, ‘ಈ ಹೊಳಪು ಎಷ್ಟು ವರ್ಷ ಬರುತ್ತೆ?’ ಎಂದು. ‘ಏನೂ ಆಗಲ್ಲ ಸಾರ್, ತಿಂಗಳಿಗೊಂದ್ಸಲ ಪಾಲಿಶ್ ಹಾಕಿ ಉಜ್ಜಿಸ್ಬಿಡಿ’ ಎನ್ನುವುದು ಸಿದ್ಧ ಉತ್ತರ. ಕೇಳಬೇಕಿದ್ದ ಪ್ರಶ್ನೆ ಬೇರೆ, ಕೊಡಬೇಕಿದ್ದ ಉತ್ತರವೂ ಬೇರೆ.

ಬಿಸಿಲು, ಮಳೆ, ಉಪ್ಪುಗಾಳಿಗೆ ಮೈಯೊಡ್ಡಿ ನಿಂತ ಗಟ್ಟಿ ಹಿತ್ತಾಳೆಗೆ ಹವೆಯಿಂದಾಗುವ ಹಾನಿ ಜನ ಅಂದುಕೊಂಡದ್ದಕ್ಕಿಂತ ತೀರಾ ಕಡಿಮೆ. ಅದನ್ನು ಕೆಡಿಸುವವು ಬೇರೆ ಮೂರು: ಹೊಳಪಿನ ಹಟಕ್ಕೆ ಬಿದ್ದು ಉಜ್ಜುವ ಕೈ, ಹಿತ್ತಾಳೆಯ ಹೆಸರಲ್ಲಿ ಬಿಕರಿಯಾಗುವ ತೆಳು ಮುಲಾಮಿನ ಮಾಲು, ಜೋಡಿಸುವಾಗಿನ ಅಸಡ್ಡೆ. ಮನೆಯವರೂ ದೇವಸ್ಥಾನದ ಆಡಳಿತ ಮಂಡಳಿಗಳೂ ಸರ್ಕಾರಿ ಕಚೇರಿಗಳೂ ಪಾಲಿಶ್ ಡಬ್ಬಿಗೆ ಸುರಿಯುವ ಹಣವನ್ನು ಈ ಮೂರರ ಕಡೆ ತಿರುಗಿಸಿದರೆ ಹಿತ್ತಾಳೆ ಉಳಿಯುತ್ತದೆ, ಖರ್ಚೂ ಇಳಿಯುತ್ತದೆ.

ಮೊದಲು ಲೆಕ್ಕ. ಐಎಸ್‌ಒ 9223 ಎಂಬ ಅಂತರರಾಷ್ಟ್ರೀಯ ಮಾನಕವು ಲೋಹವನ್ನು ತಿನ್ನುವ ಕಸುವಿಗೆ ತಕ್ಕಂತೆ ವಾತಾವರಣವನ್ನು ಸಿ1ರಿಂದ ಸಿ5ರವರೆಗೆ, ಅದಕ್ಕೂ ಆಚೆ ಸಿಎಕ್ಸ್ ಎಂದು ವಿಂಗಡಿಸಿದೆ. ನಡುವಿನ ಸಿ3 ದರ್ಜೆಯ ಹವೆಯಲ್ಲಿ ಬಯಲಿಗಿಟ್ಟ ತಾಮ್ರ ಮೊದಲ ವರ್ಷ ಕಳೆದುಕೊಳ್ಳುವುದು 0.6ರಿಂದ 1.3 ಮೈಕ್ರೊಮೀಟರ್. ಕಡಲಂಚಿನಲ್ಲಿ ಕಾಣಸಿಗುವ ಸಿ5ರ ಕಟು ಹವೆಯಲ್ಲಿ 2.8ರಿಂದ 5.6 ಮೈಕ್ರೊಮೀಟರ್. ಸಾವಿರ ಮೈಕ್ರೊಮೀಟರ್ ಕೂಡಿದರೆ ಒಂದು ಮಿಲಿಮೀಟರ್. ತಾಮ್ರವೇ ಮುಖ್ಯ ಪಾಲಾಗಿರುವ ಹಿತ್ತಾಳೆಗೂ ಹೆಚ್ಚುಕಡಿಮೆ ಇದೇ ಅಂದಾಜನ್ನು ಇಟ್ಟುಕೊಳ್ಳಬಹುದು. ಎರಡು ಮಿಲಿಮೀಟರ್ ದಪ್ಪದ ನಾಮಫಲಕ ಒಂದು ಬದಿಯಿಂದ ಇದೇ ಗರಿಷ್ಠ ವೇಗದಲ್ಲಿ ಸವೆಯುತ್ತ ಹೋದರೂ ಪೂರ್ತಿ ಕರಗಲು ಮುನ್ನೂರೈವತ್ತು ವರ್ಷ ಬೇಕು. ಆ ವೇಗವಾದರೂ ಉಳಿಯುವುದಿಲ್ಲ. ಮೇಲೆ ಕಟ್ಟಿಕೊಳ್ಳುವ ಪದರ ಒಳಗಿನ ಲೋಹವನ್ನು ಕಾಯತೊಡಗಿ, ವರ್ಷ ಕಳೆದಂತೆ ಸವೆತ ನಿಧಾನವಾಗುತ್ತದೆ.

ಆ ಪದರದ ತಾಕತ್ತಿಗೆ ನ್ಯೂಯಾರ್ಕ್ ಬಂದರಿನ ಸ್ವಾತಂತ್ರ್ಯದೇವಿಯ ಪ್ರತಿಮೆ ದೊಡ್ಡ ಸಾಕ್ಷಿ. 1886ರಲ್ಲಿ ಅನಾವರಣಗೊಂಡಾಗ ಅದರದ್ದು ತಾಮ್ರದ ಕೆಂಗಂದು ಮೈ. ಎರಡು ದಶಕದಲ್ಲಿ ಹಸಿರು ಮೇಲೇರಿತು. 1906ರಲ್ಲಿ ಹೊರಮೈಗೆ ಬಣ್ಣ ಬಳಿಯುವ ಪ್ರಸ್ತಾವ ಬಂದಾಗ ಜನ ವಿರೋಧಿಸಿದರು. ಸೇನೆಯ ಎಂಜಿನಿಯರುಗಳು ಪರಿಶೀಲಿಸಿ, ಹಸಿರು ಪದರ ತಾಮ್ರವನ್ನು ಕಾಯುತ್ತಿದೆ ಎಂದರು. ಒಳಮೈಗಷ್ಟೇ ಬಣ್ಣ ಬಿತ್ತು. 1980ರ ದಶಕದ ದೊಡ್ಡ ದುರಸ್ತಿಯ ಹೊತ್ತಿಗೆ, ನೂರು ವರ್ಷದ ಕಡಲಗಾಳಿ ಉಂಡ ಸುಮಾರು 2.4 ಮಿ.ಮೀ. ದಪ್ಪದ ಆ ಹೊದಿಕೆ ಸವೆದಿದ್ದದ್ದು ಶೇ 5ರ ಆಸುಪಾಸು. ಅದನ್ನು ವರ್ಷವರ್ಷ ತಿಕ್ಕಿ ಬೆಳಗಿಸುತ್ತ ಬಂದಿದ್ದರೆ ಈ ಮಾತು ಹೇಳಲಾಗುತ್ತಿರಲಿಲ್ಲ.

ಬಾಗಿಲ ಹಿತ್ತಾಳೆಯ ಬಣ್ಣಗೆಡುವಿಕೆಯಲ್ಲೂ ಎಲ್ಲ ಬಣ್ಣಕ್ಕೂ ಒಂದೇ ಅರ್ಥವಿಲ್ಲ. ತಾಮ್ರ ಮತ್ತು ಸತುವಿನ ಬೆರಕೆಯಾದ ಈ ಲೋಹ ಗಾಳಿ ಸೋಕಿ ಮೊದಲು ಮಂಕಾಗುತ್ತದೆ, ಜೇನುಬಣ್ಣಕ್ಕೆ ತಿರುಗುತ್ತದೆ, ಕೆಲವು ತಿಂಗಳಲ್ಲಿ ಕಂದಾಗುತ್ತದೆ. ಇದು ಆಕ್ಸೈಡ್ ಪದರ, ಅಪಾಯವಿಲ್ಲ. ಚರಂಡಿಯಿಂದೇಳುವ ಹೈಡ್ರೊಜನ್ ಸಲ್ಫೈಡ್ ತಗುಲಿದರೆ ಕಪ್ಪಾಗುತ್ತದೆ. ಕೊಳಚೆ ಹರಿಯುವ ರಾಜಕಾಲುವೆಯ ಪಕ್ಕದ ಮನೆಗಳಲ್ಲಿ ಉಜ್ಜಿದ ಹಿಡಿ ಬಹುಬೇಗ ಕಪ್ಪಿಡುವುದು ಇದೇ ಕಾರಣಕ್ಕೆ. ಈ ಕಪ್ಪು ಕಣ್ಣಿಗೆ ಚೆನ್ನಾಗಿರದೆ ಇರಬಹುದು, ಲೋಹವನ್ನು ಮುರಿಯುವುದಿಲ್ಲ. ಚಿಂತೆ ಮಾಡಬೇಕಾದದ್ದು ಉಪ್ಪಿನಿಂದ ಏಳುವ, ಹುಡಿಹುಡಿಯಾಗಿ ಉದುರುವ ಹಸಿರು ಕಿಲುಬಿಗೆ.

ಕಾರವಾರದಿಂದ ಉಳ್ಳಾಲದವರೆಗಿನ ಕರಾವಳಿಯಲ್ಲಿ ಅಲೆಗಳ ಮೇಲಿಂದ ಬೀಸುವ ಗಾಳಿ ಉಪ್ಪಿನ ಸೂಕ್ಷ್ಮ ಹನಿಗಳನ್ನು ಹೊತ್ತು ತರುತ್ತದೆ. ದಂಡೆಯಿಂದ ಒಳನಾಡಿಗೆ ಸರಿದಂತೆ ಈ ಉಪ್ಪಿನ ಪ್ರಮಾಣ ಸರ್ರನೆ ಇಳಿಯುತ್ತದೆ. ಹಾಗಾಗಿ ಮಲ್ಪೆಯ ಕಡಲ ಎದುರಿನ ಮನೆಗೂ ಮಣಿಪಾಲದ ಗುಡ್ಡದ ಮನೆಗೂ ಒಂದೇ ಆರೈಕೆ ಬೇಕಿಲ್ಲ. ಉಪ್ಪು ಗಾಳಿಯಲ್ಲಿನ ತೇವವನ್ನು ಎಳೆದುಕೊಂಡು ಲೋಹದ ಮೈಮೇಲೆ ಸದಾ ಒದ್ದೆ ಪೊರೆಯೊಂದನ್ನು ಕಟ್ಟಿಡುತ್ತದೆ. ಕಿಲುಬು ಬೆಳೆಯುವುದು ಆ ಪೊರೆಯಡಿಯಲ್ಲೇ. ಹೀಗೆಂದು ಮಳೆಯನ್ನು ದೂರಿದರೆ ತಪ್ಪಾದೀತು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಮಳೆ ಗೇಟಿನ ಮೇಲಿನ ಉಪ್ಪನ್ನು ಪುಕ್ಕಟೆಯಾಗಿ ತೊಳೆದು ಹೋಗುತ್ತದೆ. ಮಳೆ ಬೀಳದ ಸೂರಿನಡಿಯ ಚಿಲಕದ ಮೇಲೆ, ಜಗಲಿಯ ಕಂಬದ ಹಿತ್ತಾಳೆ ಕಟ್ಟಿನ ಮೇಲೆ ಉಪ್ಪು ಕೂತೇ ಇರುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಅದು ಇನ್ನಷ್ಟು ಪೇರುತ್ತದೆ. ಅಲ್ಲಿ ಬೇಕಿರುವುದು ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ತೇವ ತೆಗೆಯುವ ಎರಡು ನಿಮಿಷದ ಕೆಲಸ.

ಹಿತ್ತಾಳೆಯನ್ನು ನಿಜಕ್ಕೂ ಒಡೆದು ಹಾಕಬಲ್ಲದ್ದು ಅಮೋನಿಯಾ. ಇದು ಜಗತ್ತಿಗೆ ತಿಳಿದದ್ದರ ಹಿಂದೆ ಭಾರತದ ಮಳೆಗಾಲವಿದೆ. ಬ್ರಿಟಿಷ್ ಸೇನೆ ಇಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ದಾಸ್ತಾನಿಟ್ಟ ತೋಟಾಗಳ ಹಿತ್ತಾಳೆ ಕೊಳವೆಗಳು ಯಾರೂ ಮುಟ್ಟದಿದ್ದರೂ ಸೀಳು ಬಿಡುತ್ತಿದ್ದವು. ಋತುವಿಗೆ ತಕ್ಕಂತೆ ಬರುವ ಬಿರುಕೆಂದು ಅದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರೇ ಬಿತ್ತು. 1921ರಲ್ಲಿ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಲೋಹವಿಜ್ಞಾನಿಗಳು ಗಂಟು ಬಿಡಿಸಿದರು. ಕುದುರೆ ಗಂಜಲದಿಂದ ಏಳುವ ಅಮೋನಿಯಾ, ಮಳೆಗಾಲದ ತೇವ, ತೋಟಾವನ್ನು ಎಳೆದು ರೂಪಿಸುವಾಗ ಲೋಹದೊಳಗೆ ಉಳಿದ ಬಿಗಿತ, ಈ ಮೂರೂ ಕೂಡಿದಲ್ಲಿ ಹಿತ್ತಾಳೆ ಬಿರಿಯುತ್ತದೆ. ತೋಟಾವನ್ನು ಹದವಾಗಿ ಕಾಯಿಸಿ ಬಿಗಿತ ಇಳಿಸಿದ ಮೇಲೆ ತೊಂದರೆ ತಗ್ಗಿತು.

ಲಾಯ ಹೋಗಿ ನೂರು ವರ್ಷವಾದರೂ ಅಮೋನಿಯಾ ಹೋಗಿಲ್ಲ. ದನದ ಕೊಟ್ಟಿಗೆಗೆ ತಾಗಿದ ಬಾಗಿಲು, ಹಕ್ಕಿಯ ಹಿಕ್ಕೆ ಬೀಳುವ ಕೈಪಿಡಿ, ದಾರಿಹೋಕರು ಮೂತ್ರಾಲಯ ಮಾಡಿಕೊಂಡ ಕಾಂಪೌಂಡಿನ ನಾಮಫಲಕ, ತೋಟದ ಮೂಲೆಯಲ್ಲಿ ಗೊಬ್ಬರದ ಚೀಲದ ಪಕ್ಕದಲ್ಲಿರುವ ನಲ್ಲಿ, ಎಲ್ಲಕ್ಕೂ ಅದೇ ಅಪಾಯ. ವಿಪರ್ಯಾಸವೆಂದರೆ ಹಿತ್ತಾಳೆಗೆಂದೇ ಮಾರುವ ಹಲವು ದ್ರವ ಪಾಲಿಶ್‌ಗಳಲ್ಲೂ ಅಮೋನಿಯಾ ಇರುತ್ತದೆ. ಕಪ್ಪನ್ನು ಕರಗಿಸುವ ಕೆಲಸ ಅದರದ್ದು. ಹಚ್ಚಿ ಪೂರ್ತಿ ತೊಳೆದರೆ ತಕರಾರಿಲ್ಲ. ಸಂದಿಗೊಂದಿಯಲ್ಲಿ, ಕೆತ್ತನೆಯ ಗೀರಿನಲ್ಲಿ ಬಿಟ್ಟುಬಿಟ್ಟರೆ ಒಳಗೇ ಕೆಲಸ ಮುಂದುವರಿಸುತ್ತದೆ.

ಇನ್ನೊಂದು ಕೇಡು ಕಣ್ಣಿಗೆ ಬೀಳುವುದು ತಡವಾಗಿ. ಸತು ಶೇ 15 ಮೀರಿದ ಹಿತ್ತಾಳೆ ಉಪ್ಪು ಅಥವಾ ಆಮ್ಲ ಬೆರೆತ ನೀರಿನಲ್ಲಿ ಸದಾ ನೆನೆಯುತ್ತಿದ್ದರೆ ಅದರಿಂದ ಸತು ಮಾತ್ರ ಹೊರಗೆ ಇಳಿದುಹೋಗಿ, ತೂತುತೂತಾದ ಕೆಂಪು ತಾಮ್ರ ಉಳಿಯುತ್ತದೆ. ಆಕಾರ ಹಾಗೆಯೇ ಇರುತ್ತದೆ, ಬಲ ಇರುವುದಿಲ್ಲ. ತೋಟದ ಹಳೆಯ ನಲ್ಲಿಯ ಕಡ್ಡಿ ಒಂದು ದಿನ ತಿರುಗಿಸುವಾಗ ಪುಟಕ್ಕನೆ ಮುರಿಯುವುದು ಹೀಗೆ. ಹಳದಿ ಮೈಯಲ್ಲಿ ಅಲ್ಲಲ್ಲಿ ಗುಲಾಬಿ ಮಚ್ಚೆ, ಕೀಲಿನ ಬುಡದಲ್ಲಿ ಬಿಳಿ ಹುಡಿ ಕಂಡರೆ ಅದೇ ಮುನ್ಸೂಚನೆ. ಇದಕ್ಕೆ ಪಾಲಿಶ್ ಮದ್ದಲ್ಲ, ಮದ್ದು ಬೆರಕೆಯಲ್ಲೇ ಇದೆ. ಹಡಗು ಕಟ್ಟುವವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡರು. ಬರ್ಮಿಂಗ್‌ಹ್ಯಾಮಿನ ಜಾರ್ಜ್ ಮುಂಟ್ಜ್ 1832ರಲ್ಲಿ ಹಕ್ಕು ಪಡೆದ, ತಾಮ್ರ ಅರವತ್ತು ಸತು ನಲವತ್ತು ಪಾಲಿನ ಹಿತ್ತಾಳೆಯನ್ನು ಹಡಗಿನ ತಳಕ್ಕೆ ಹೊದಿಸುತ್ತಿದ್ದರು. 1869ರಲ್ಲಿ ನೀರಿಗಿಳಿದ ಪ್ರಸಿದ್ಧ ‘ಕಟಿ ಸಾರ್ಕ್’ ಹಡಗಿಗೂ ಅದೇ ಹೊದಿಕೆ. ಇಂಥದೇ ಬೆರಕೆಗೆ ಶೇ 1ರಷ್ಟು ತವರ ಸೇರಿಸಿದಾಗ ಬಂದದ್ದು ನೇವಲ್ ಬ್ರಾಸ್, ಸತು ಇಳಿಯುವುದನ್ನು ಅದು ತಡೆಯುತ್ತದೆ. ಈಗಿನ ಒಳ್ಳೆಯ ನಲ್ಲಿಗಳಿಗೆ ಶೇ 0.1ರ ಆಸುಪಾಸಿನಲ್ಲಿ ಆರ್ಸೆನಿಕ್ ಸೇರಿಸಿದ ಡಿಝಡ್‌ಆರ್ ಹಿತ್ತಾಳೆ ಬಳಸುತ್ತಾರೆ. ಉಪ್ಪುನೀರಿನ ಬಾವಿ, ಗಡಸು ನೀರಿನ ಬೋರ್‌ವೆಲ್ ಇರುವಲ್ಲಿ ನಲ್ಲಿ ಕೊಳ್ಳುವವರು ಆ ಮೂರಕ್ಷರ ಕೇಳಿಯೇ ಕೊಳ್ಳಬೇಕು.

ಇನ್ನು ಉಜ್ಜುವ ಮಾತು. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ ಕಂದು ಪದರವನ್ನು ಕರಗಿಸುತ್ತದೆ, ಜೊತೆಗೆ ಹಾಕುವ ಉಪ್ಪು ಅದಕ್ಕೆ ವೇಗ ಕೊಡುತ್ತದೆ. ಇಟ್ಟಿಗೆ ಪುಡಿ, ಬೂದಿ, ರಂಗೋಲಿ ಪುಡಿ, ಅಂಗಡಿಯ ಪೀತಾಂಬರಿ, ಬ್ರಾಸೊ, ಎಲ್ಲದರಲ್ಲೂ ಒಂದಿಷ್ಟು ಕರಗಿಸುವಿಕೆ, ಒಂದಿಷ್ಟು ಕೆರೆಯುವಿಕೆ ಅಥವಾ ಎರಡೂ ಇರುತ್ತವೆ. ಬೆಳಗಿದ ಮೈ ಎಂದರೆ ರಕ್ಷಣೆ ಕಳಚಿದ ಮೈ. ಬಯಲಿನಲ್ಲಿ ಅದು ಮತ್ತೆ ಮೊದಲ ವರ್ಷದ ವೇಗದಲ್ಲೇ ಬಣ್ಣಗೆಡುತ್ತದೆ, ಮತ್ತೆ ಉಜ್ಜಿದಾಗ ಕಂದು ಪದರವಾಗಿ ಮಾರ್ಪಟ್ಟಿದ್ದಷ್ಟು ಲೋಹ, ಅದರೊಟ್ಟಿಗೆ ಕೆಳಗಿನದೂ ಒಂದಿಷ್ಟು ಹೋಗುತ್ತದೆ. ಹಳೆಯ ಬ್ಯಾಂಕು, ಕೋರ್ಟು, ಕಾಲೇಜುಗಳ ಗೋಡೆಯ ಹಿತ್ತಾಳೆ ಫಲಕಗಳಲ್ಲಿ ಅಕ್ಷರ ಓದಲಾಗದಷ್ಟು ನುಣುಪಾಗಿದ್ದರೆ ಅದು ಮಳೆಯ ಕೆಲಸವಲ್ಲ, ಜವಾನನ ಬಟ್ಟೆಯದು. ಹುಣಸೆ-ಉಪ್ಪಿನ ನೀರನ್ನು ಸರಿಯಾಗಿ ತೊಳೆಯದೆ ಬಿಟ್ಟಾಗ ಸಂದಿಯಲ್ಲಿ ಉಳಿದ ಉಪ್ಪು ಮಾರನೆಯ ವಾರವೇ ಹಸಿರಾಗಿ ಹೊರಬರುತ್ತದೆ. ಮತ್ತೆ ಉಜ್ಜು ಎಂದು ಅದು ಕೂಗುತ್ತದೆ, ಮನೆಯವರು ಓಗೊಡುತ್ತಾರೆ.

ಬರೀ ಬೆರಳಿನ ಸವರುವಿಕೆಯೇ ಏನು ಮಾಡಬಲ್ಲದು ಎಂಬುದಕ್ಕೆ ಇಟಲಿಯ ವೆರೋನಾದ ಜೂಲಿಯೆಟ್ ಪ್ರತಿಮೆ ನೋಡಬಹುದು. 1970ರ ದಶಕದಲ್ಲಿ ನಿಂತ ಆ ಕಂಚಿನ ಪ್ರತಿಮೆಯನ್ನು ಅದೃಷ್ಟಕ್ಕೆಂದು ಪ್ರವಾಸಿಗರು ಮುಟ್ಟಿ ಮುಟ್ಟಿ ಸವೆಸಿ ಬಿರುಕು ಬರಿಸಿದರು. 2014ರಲ್ಲಿ ಮೂಲ ಪ್ರತಿಮೆಯನ್ನು ಒಳಗೆ ಸಾಗಿಸಿ, ಅಲ್ಲಿ ನಕಲನ್ನು ನಿಲ್ಲಿಸಬೇಕಾಯಿತು. ಕಂಚು ಹಿತ್ತಾಳೆಗಿಂತ ಸಾಮಾನ್ಯವಾಗಿ ಗಟ್ಟಿ; ಅಲ್ಲಿ ಮುಟ್ಟಿದ್ದು ಬರಿಗೈ, ಇಲ್ಲಿ ಉಜ್ಜುವುದು ಪುಡಿ ಹಾಕಿ.

ಇದಕ್ಕೆ ಎದುರು ಮಾತೂ ಇದೆ, ಹಗುರವಾದದ್ದೇನಲ್ಲ. ಹಿತ್ತಾಳೆ ಬೆಳಗುವುದು ಈ ನಾಡಿನ ಸಂಸ್ಕಾರ. ಹಬ್ಬದ ಮುನ್ನಾದಿನ ಬಾಗಿಲು ಕಳೆಗುಂದಿ ನಿಂತರೆ ಲಕ್ಷ್ಮಿ ಒಳಗೆ ಬಂದಾಳೆಯೇ ಎಂದು ಹಿರಿಯರು ಕೇಳುತ್ತಾರೆ. ಪಂಜಾಬಿನ ಜಂಡಿಯಾಲ ಗುರುವಿನ ಠಠೇರರು ತಾವು ಬಡಿದು ಮಾಡಿದ ಹಿತ್ತಾಳೆ, ತಾಮ್ರದ ಪಾತ್ರೆಗಳನ್ನು ಇಂದಿಗೂ ಮರಳು ಮತ್ತು ಹುಣಸೆರಸದಲ್ಲೇ ಬೆಳಗುತ್ತಾರೆ; ಅವರ ಕಸುಬು 2014ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ನಮ್ಮ ನಾಗಮಂಗಲವೂ ಹಿತ್ತಾಳೆ ಕೆಲಸಕ್ಕೆ ಹೆಸರಾದ ಊರೇ. ಆದರೆ ಆ ಪರಂಪರೆಯ ಉಜ್ಜುವಿಕೆ ಪಾತ್ರೆ-ದೀಪಗಳದ್ದು. ಅವು ದಿನವೂ ಎಣ್ಣೆ, ನೀರು, ಆಹಾರ ಸೋಕುವ ವಸ್ತುಗಳು. ತೊಳೆಯದೆ ಇಡುವಂತೆಯೇ ಇಲ್ಲ, ತೊಳೆದ ಮೇಲೆ ಸೇರುವುದು ಒಣಗಿದ ಕೋಣೆಗೆ. ಕಾಲುದೀಪದ ನಿಯಮವನ್ನು ಗೇಟಿನ ಚಿಲಕಕ್ಕೆ ಹೇರಿದ್ದು ಪರಂಪರೆಯಲ್ಲ, ಹಾರ್ಡ್‌ವೇರ್ ಜಾಹೀರಾತು. ಬಾಗಿಲ ಚಿನ್ನದ ಹೊಳಪೇ ಬೇಕೆನ್ನುವವರ ಇಷ್ಟವನ್ನು ತಪ್ಪೆನ್ನಲೂ ಆಗದು. ಅದಕ್ಕೆ ಬೇರೆ ದಾರಿಗಳಿವೆ, ಅವಕ್ಕೆ ಮೊದಲೇ ದುಡ್ಡು ಕೊಡಬೇಕು.

ದುಡ್ಡು ಕೊಟ್ಟೂ ಮೋಸ ಹೋಗುವುದು ಮುಲಾಮಿನ ಮಾಲಿನಲ್ಲಿ. ‘ಬ್ರಾಸ್ ಫಿನಿಶ್’, ‘ಬ್ರಾಸ್ ಆ್ಯಂಟಿಕ್’ ಎಂದು ಬರೆದ ಹಿಡಿಗಳು ಬಹುಪಾಲು ಕಬ್ಬಿಣದ ಅಥವಾ ಸತುವಿನ ಎರಕದ ಒಡಲು. ಮೇಲೆ ನಿಕ್ಕಲ್, ಅದರ ಮೇಲೆ ಹಿತ್ತಾಳೆಯ ತೆಳು ಲೇಪ. ಅಲಂಕಾರದ ಈ ಲೇಪ ಒಂದು ಮೈಕ್ರೊಮೀಟರಿಗಿಂತಲೂ ತೆಳುವಾಗಿರುವುದುಂಟು. ತಲೆಗೂದಲ ದಪ್ಪದ ಎಪ್ಪತ್ತರಲ್ಲಿ ಒಂದು ಪಾಲು. ಮೇಲೆ ಹೇಳಿದ ಐಎಸ್‌ಒ ಲೆಕ್ಕದಲ್ಲಿ ಕರಾವಳಿಯ ಒಂದು ವರ್ಷವನ್ನೂ ಅದು ದಾಟಲಾರದು. ಪುಡಿ ಹಾಕಿ ತಿಕ್ಕಿದರಂತೂ ಕೆಲವೇ ಸಲಕ್ಕೆ ಒಡಲು ಇಣುಕುತ್ತದೆ, ಕಬ್ಬಿಣವಾದರೆ ತುಕ್ಕು, ಸತುವಾದರೆ ಬೂದುಬಣ್ಣದ ಗುಳ್ಳೆ. ‘ಹಿತ್ತಾಳೆ ಹಾಕಿಸಿದ್ವಿ, ಒಂದೇ ಮಳೆಗಾಲಕ್ಕೆ ಹೋಯ್ತು’ ಎಂಬ ದೂರುಗಳಲ್ಲಿ ಹೆಚ್ಚಿನವು ಹಿತ್ತಾಳೆಯ ಮೇಲಿನ ದೂರೇ ಅಲ್ಲ.

ಕೊಳ್ಳುವ ಮುನ್ನ ಪರೀಕ್ಷೆ ಸುಲಭ. ಅಯಸ್ಕಾಂತ ಅಂಟಿದರೆ ಒಳಗೆ ಕಬ್ಬಿಣ. ಅಂಟದಿದ್ದರೆ ತೂಕ ನೋಡಬೇಕು: ಹಿತ್ತಾಳೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 8.5 ಗ್ರಾಂ, ಸತುವಿನ ಎರಕದ್ದು 6.7ರ ಆಸುಪಾಸು. ಒಂದೇ ಗಾತ್ರದ ಎರಡನ್ನು ಎರಡು ಕೈಯಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಹಿಂಬದಿಯ ಸ್ಕ್ರೂ ತೂತಿನಂಚನ್ನು ಮೊಳೆಯಿಂದ ಗೀರಿ ನೋಡಿದರೆ ಒಳಗೂ ಹಳದಿ ಇದೆಯೇ ಎಂಬುದು ಖಚಿತ. ಭಾರತೀಯ ಮಾನಕ ಬ್ಯೂರೊ ಕಬ್ಬಿಣೇತರ ಲೋಹದ ಬಿಜಾಗರಿಗೆ ಐಎಸ್ 205, ಎರಕದ ನಲ್ಲಿಗಳಿಗೆ ಐಎಸ್ 781 ಎಂದು ಮಾನಕಗಳನ್ನು ಗೊತ್ತುಮಾಡಿದೆ. ಪೊಟ್ಟಣದ ಮೇಲೆ ಆ ಸಂಖ್ಯೆ ಹುಡುಕುವ ರೂಢಿ ನಮ್ಮಲ್ಲಿ ಬರಬೇಕು. ಯುರೋಪಿನಲ್ಲಿ ಇಎನ್ 1670 ಎಂಬ ಮಾನಕ ಬಾಗಿಲ ಸಾಮಾನನ್ನು ಉಪ್ಪುನೀರಿನ ಮಂಜಿನಲ್ಲಿಟ್ಟು ದರ್ಜೆ ಕೊಡುತ್ತದೆ: ಒಂದನೆಯ ದರ್ಜೆಗೆ 24 ಗಂಟೆ, ಮೂರಕ್ಕೆ 96, ನಾಲ್ಕಕ್ಕೆ 240, ಐದಕ್ಕೆ 480. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಇದು: ಒಡಲು ಯಾವುದು, ಉಪ್ಪು ಮಂಜಿನಲ್ಲಿ ಎಷ್ಟು ಗಂಟೆ ಬಾಳುತ್ತದೆ?

ಒಳ್ಳೆಯ ಮಾಲು ತಂದರೂ ಬಡಗಿಯ ಡಬ್ಬಿಯಲ್ಲಿರುವ ಸ್ಕ್ರೂ ಕೆಲಸ ಕೆಡಿಸಬಹುದು. ಬೇರೆ ಬೇರೆ ಲೋಹಗಳು ಉಪ್ಪಿನ ತೇವದಲ್ಲಿ ಕೂಡಿದಾಗ ಅಲ್ಲೊಂದು ಪುಟ್ಟ ಬ್ಯಾಟರಿ ಹುಟ್ಟುತ್ತದೆ. ಕಬ್ಬಿಣ, ಅಲ್ಯುಮಿನಿಯಂ ತಾವು ಸವೆದು ಹಿತ್ತಾಳೆಯನ್ನು ಕಾಯುತ್ತವೆ. ದೊಡ್ಡ ಹಿತ್ತಾಳೆ ತಟ್ಟೆಗೆ ಸಣ್ಣ ಕಬ್ಬಿಣದ ಸ್ಕ್ರೂ ಹಾಕುವುದು ಎಲ್ಲಕ್ಕಿಂತ ಕೆಟ್ಟ ಜೋಡಿ, ಏಕೆಂದರೆ ಸವೆತವೆಲ್ಲ ಆ ಸಣ್ಣದರ ಮೇಲೇ ಬೀಳುತ್ತದೆ. ಎರಡು ಮಳೆಗಾಲಕ್ಕೆ ಸ್ಕ್ರೂ ತುಕ್ಕಾಗಿ ಬಾಗಿಲು ಇಳಿಬೀಳುತ್ತದೆ, ದೂರು ಹೋಗುವುದು ಬಿಜಾಗರಿಯ ಮೇಲೆ. ಸ್ವಾತಂತ್ರ್ಯದೇವಿಯ ಪ್ರತಿಮೆಯಲ್ಲೂ ಕೆಟ್ಟದ್ದು ತಾಮ್ರದ ಹೊದಿಕೆಯಲ್ಲ, ಅದನ್ನು ಹೊತ್ತ ಕಬ್ಬಿಣದ ಪಟ್ಟಿಗಳು. ಎರಡು ಲೋಹಗಳ ನಡುವೆ ಅರಗು ಸವರಿದ ಆಸ್ಬೆಸ್ಟಾಸ್ ಇಟ್ಟಿದ್ದರೂ ಕಾಲ ಕಳೆದಂತೆ ಅದು ಉಳಿಯಲಿಲ್ಲ. ಕೊನೆಗೆ ಸ್ಟೇನ್‌ಲೆಸ್ ಸ್ಟೀಲಿನ ಪಟ್ಟಿ ಹಾಕಿದರು. ಮನೆಗೆ ಹಿತ್ತಾಳೆ ಸ್ಕ್ರೂ ಒಳ್ಳೆಯದು. ಮರ ಗಟ್ಟಿಯಿದ್ದು ಹಿತ್ತಾಳೆ ಸ್ಕ್ರೂ ಮುರಿಯುವಂತಿದ್ದರೆ ಮೊದಲು ಬೈರಿಗೆಯಲ್ಲಿ ತೂತು ಕೊರೆಯಬೇಕು, ಅಥವಾ ಒಳ್ಳೆಯ ಸ್ಟೇನ್‌ಲೆಸ್ ಸ್ಕ್ರೂ ಹಾಕಬಹುದು.

ಹೊಸ ಮನೆಗಳಲ್ಲಿ ಇನ್ನೊಂದು ಅನಾಹುತ ಗೃಹಪ್ರವೇಶಕ್ಕೆ ಮುಂಚೆಯೇ ನಡೆದುಹೋಗುತ್ತದೆ. ಟೈಲ್ಸ್ ಮೇಲಿನ ಸಿಮೆಂಟು ಕಲೆ ತೆಗೆಯಲು ಆಸಿಡ್ ವಾಶ್ ಮಾಡಿಸುತ್ತಾರೆ. ಅದು ಹೈಡ್ರೊಕ್ಲೋರಿಕ್ ಆಮ್ಲ. ನೆಲಕ್ಕೆ ಸುರಿದರೂ ಹೊಗೆ ಮೇಲೇರಿ ಕಿಟಕಿ, ಬಾಗಿಲ ಹಿತ್ತಾಳೆಯನ್ನೆಲ್ಲ ಮುಟ್ಟುತ್ತದೆ. ಅದುವರೆಗೂ ಕಾಗದ ಬಿಚ್ಚದ ಹೊಸ ಚಿಲಕ ಒಂದು ರಾತ್ರಿಯಲ್ಲೇ ಹಸಿರು-ಕಪ್ಪು ಮಚ್ಚೆ ಹೊತ್ತು ನಿಲ್ಲುತ್ತದೆ. ಆಸಿಡ್ ಕೆಲಸ ಮುಗಿದು, ಮನೆ ತೊಳೆದು, ಗಾಳಿಯಾಡಿಸಿದ ಮೇಲಷ್ಟೇ ಹಿತ್ತಾಳೆ ಸಾಮಾನು ಕೂರಿಸಿ ಎಂದು ಮೇಸ್ತ್ರಿಗೆ ಹೇಳುವುದಕ್ಕೆ ಕಾಸು ಖರ್ಚಿಲ್ಲ.

ಹಾಗಾದರೆ ಹೊರಗಿನ ಹಿತ್ತಾಳೆಗೆ ಏನು ಮಾಡಬೇಕು? ನಾಲ್ಕು ದಾರಿಗಳಿವೆ, ಜಾಗ ನೋಡಿ ಆರಿಸಬೇಕು.

ಬಿಜಾಗರಿ, ಅಗುಳಿ, ತೋಟದ ನಲ್ಲಿ, ಗೇಟಿನ ಚಿಲಕಗಳನ್ನು ಕಂದಾಗಲು ಬಿಡುವುದೇ ಮೇಲು. ಸೋಪಿನ ನೀರು, ಮೆದು ಬಟ್ಟೆ, ತಿರುಗುವ ಕೀಲಿಗೆ ಒಂದೆರಡು ಹನಿ ಮಷಿನ್ ಎಣ್ಣೆ ಸಾಕು. ಹೊಳಪಿಗೆಂದು ಕೊಬ್ಬರಿ ಎಣ್ಣೆ ಸವರುವ ಅಭ್ಯಾಸ ಬಿಡಬೇಕು. ಎಣ್ಣೆಯಲ್ಲಿನ ಕೊಬ್ಬಿನ ಆಮ್ಲಗಳು ತಾಮ್ರದೊಂದಿಗೆ ಸೇರಿ ಹಸಿರು ಸೋಪಿನಂಥ ಜಿಡ್ಡಾಗುತ್ತವೆ. ದೇವರ ದೀಪದ ಬುಡದಲ್ಲಿ ಕಟ್ಟುವ ಹಸಿರು ಅಂಟು ಅದೇ.

ಎರಡನೆಯದು ಮೇಣ. ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ರೂಪುಗೊಂಡ ರಿನೇಸಾನ್ಸ್ ವ್ಯಾಕ್ಸ್ ಲೋಹಸಂರಕ್ಷಕರಿಗೆಲ್ಲ ಪರಿಚಿತ. ಮನೆ ಬಳಕೆಗೆ ಕಾರಿನ ಪೇಸ್ಟ್ ವ್ಯಾಕ್ಸ್ ಆದೀತು. ಉಜ್ಜುವ ಪುಡಿ ಬೆರೆಸಿದ ‘ಕ್ಲೀನರ್’ ಬಗೆಯದು ಮಾತ್ರ ಬೇಡ. ಬಿಸಿಲಿಗೆ ಹಿತ್ತಾಳೆ ಬೆಚ್ಚಗಾಗಿ ತೇವವೆಲ್ಲ ಆರಿದ ಹೊತ್ತಿನಲ್ಲಿ ತೆಳುವಾಗಿ ಸವರಿ, ಆರಿದ ಮೇಲೆ ಬಟ್ಟೆಯಿಂದ ತೀಡಬೇಕು. ಮುಂಗಾರಿಗೆ ಮುನ್ನ ಮೇ ತಿಂಗಳಲ್ಲಿ ಒಮ್ಮೆ, ದೀಪಾವಳಿಯ ಹೊತ್ತಿಗೆ ಒಮ್ಮೆ ಹಚ್ಚಿದರೆ ಒಳನಾಡಿಗೆ ಸಾಕಾಗುತ್ತದೆ. ಕಡಲ ಪಕ್ಕದಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಬೇಕು. ಕಂದು ಮೈಯ ಮೇಲೂ ಮೇಣ ಹಚ್ಚಬಹುದು. ಮಂಕು ಹೋಗಿ ಬಣ್ಣ ಆಳವಾಗುತ್ತದೆ.

ಮೂರನೆಯದು ಪಾರದರ್ಶಕ ಲ್ಯಾಕರ್. ಯಾರೂ ಮುಟ್ಟದ ನಾಮಫಲಕ, ಅಲಂಕಾರದ ಗುಬಟುಗಳಿಗೆ ಇದು ಸರಿ. ಅಂತರರಾಷ್ಟ್ರೀಯ ತಾಮ್ರ ಸಂಶೋಧನಾ ಸಂಘ 1960ರ ದಶಕದಲ್ಲಿ ರೂಪಿಸಿದ ಇನ್‌ಕ್ರಾಲ್ಯಾಕ್‌ನಲ್ಲಿ ಅಕ್ರಿಲಿಕ್ ರಾಳದ ಜೊತೆ ತಾಮ್ರವನ್ನು ಕಾಯುವ ಬೆಂಜೊಟ್ರಯಜೋಲ್ ಎಂಬ ರಾಸಾಯನಿಕ ಇದೆ. ಬಯಲಿನ ಪ್ರತಿಮೆಗಳಿಗೆ ಇಂದಿಗೂ ಬಳಕೆಯಲ್ಲಿದೆ. ಲ್ಯಾಕರ್ ಯಾವುದೇ ಆಗಲಿ, ಗೆಲ್ಲುವುದು ಅಥವಾ ಸೋಲುವುದು ತಯಾರಿಯಲ್ಲಿ. ಫಲಕವನ್ನು ಗೋಡೆಯಿಂದ ಬಿಚ್ಚಿ, ಬೆಳಗಿ, ತೊಳೆದು, ಅಸಿಟೋನ್‌ನಿಂದ ಜಿಡ್ಡು ತೆಗೆದು, ಮೇಲೆ ಬರಿಬೆರಳು ಸೋಕದಂತೆ ಹಿಡಿದು, ಒಣಹವೆಯ ದಿನ ತೆಳುವಾಗಿ ಎರಡು ಮೂರು ಸಲ ಸಿಂಪಡಿಸಬೇಕು. ಹಿಂಬದಿ, ಅಂಚು, ಸ್ಕ್ರೂ ತೂತುಗಳನ್ನು ಬಿಡಬಾರದು. ಬಿಸಿಲು ಕೆಲವು ವರ್ಷಗಳಲ್ಲಿ ಲ್ಯಾಕರನ್ನು ಒಡೆಯುತ್ತದೆ. ಬಿರುಕಿನಡಿ ಕಪ್ಪು ಗೆರೆಗಳು ಹರಿದಾಡತೊಡಗಿದರೆ ಮೇಲೆ ಮತ್ತೊಂದು ಪದರ ಹೊಡೆದು ಪ್ರಯೋಜನವಿಲ್ಲ, ಪೂರ್ತಿ ತೆಗೆದು ಮೊದಲಿಂದ ಮಾಡಬೇಕು. ಈ ಖರ್ಚು ಒಪ್ಪದವರು ಲ್ಯಾಕರಿನ ಗೋಜಿಗೆ ಹೋಗದೆ ಮೇಣಕ್ಕೇ ನಿಲ್ಲುವುದು ಜಾಣತನ.

ನಾಲ್ಕನೆಯದು ಕಾರ್ಖಾನೆಯಲ್ಲೇ ನಿರ್ವಾತದಲ್ಲಿ ಕೂರಿಸುವ ಪಿವಿಡಿ ಲೇಪ. ಜಿರ್ಕೋನಿಯಂ ನೈಟ್ರೈಡ್‌ನ ಬಣ್ಣ ಹಿತ್ತಾಳೆಯದೇ ತದ್ವತ್ತು, ಗಡಸುತನ ಬಹಳ ಹೆಚ್ಚು. ಹೊಳಪೇ ಬೇಕು, ಉಜ್ಜಲು ಪುರುಸೊತ್ತಿಲ್ಲ ಎನ್ನುವ ಕಡಲತಡಿಯ ಹೋಟೆಲು, ಅಪಾರ್ಟ್‌ಮೆಂಟುಗಳಿಗೆ ಇದು ತಕ್ಕದ್ದು. ಇದಕ್ಕೂ ಒಡಲು ಗಟ್ಟಿ ಹಿತ್ತಾಳೆಯೇ ಇರಬೇಕು, ಪಾಲಿಶ್ ಪುಡಿಯನ್ನು ಹತ್ತಿರ ತರಬಾರದು.

ದಿನಕ್ಕೆ ನೂರಾರು ಕೈ ಸೋಕುವ ಬಾಗಿಲ ಹಿಡಿಗೆ ಈ ಯಾವ ಲೇಪವೂ ಬೇಡ. ಕೈಯ ಒರೆತವೇ ಅದನ್ನು ಬೆಳಗಿಡುತ್ತದೆ. ಬಟ್ಟೆಯಿಂದ ಬೆವರಿನ ಉಪ್ಪು ಒರೆಸಿದರೆ ಆಯಿತು. ಆಸ್ಪತ್ರೆಗಳ ಮಟ್ಟಿಗೆ ಇದಕ್ಕೆ ಇನ್ನೊಂದು ಕಾರಣವೂ ಇದೆ. ತಾಮ್ರ ಹೆಚ್ಚಿರುವ ಮೈಯ ಮೇಲೆ ಬ್ಯಾಕ್ಟೀರಿಯಾ ಹೆಚ್ಚು ಹೊತ್ತು ಬದುಕುವುದಿಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ತಾಮ್ರದ ಮಿಶ್ರಲೋಹಗಳನ್ನು ಈ ಗುಣಕ್ಕಾಗಿ ನೋಂದಾಯಿಸಿದಾಗ, ಅವಕ್ಕೆ ಬಣ್ಣ, ಮೇಣ, ಲ್ಯಾಕರ್ ಯಾವುದನ್ನೂ ಹಚ್ಚಬಾರದೆಂಬ ಷರತ್ತು ಇಟ್ಟಿತು. ಕಂದಾದರೂ ಆ ಗುಣ ಹೋಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಿರುವುದು ದೇವಸ್ಥಾನಗಳಲ್ಲಿ. ಧ್ವಜಸ್ತಂಭದ ಕವಚ, ಗರ್ಭಗುಡಿಯ ಬಾಗಿಲ ಹೊದಿಕೆ, ಅಂಗಳದ ದೀಪಗಳಲ್ಲಿ ತೆಳು ಹಾಳೆಯ ಮೇಲೆ ತಟ್ಟಿ ಎಬ್ಬಿಸಿದ ಉಬ್ಬುಚಿತ್ರಗಳಿರುತ್ತವೆ. ಜಾತ್ರೆಗೆ ಮುನ್ನ ಗುತ್ತಿಗೆದಾರರು ಯಂತ್ರದ ಬಫ್ ಚಕ್ರ ಹಿಡಿದು ಅವನ್ನು ಮಿಂಚಿಸಿದಾಗ ಮೊದಲು ಮಾಯವಾಗುವುದು ಮೂಗು, ಕಣ್ಣರೆಪ್ಪೆ, ಬೆರಳಿನ ಗೆರೆ. ಕಸುಬುದಾರ ತಟ್ಟಿ ಎಬ್ಬಿಸಿದ ಆ ಗೆರೆಗಳನ್ನು ಹೊಸ ಹಾಳೆ ಹೊದಿಸಿ ವಾಪಸು ತರಲಾಗದು. ಲೋಹದ ಕಲಾವಸ್ತುಗಳ ಸಂರಕ್ಷಣೆಗೆ ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವಿದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರವಿದೆ. ಮುಜರಾಯಿ ಇಲಾಖೆ ಹಳೆಯ ಹಿತ್ತಾಳೆಯ ಮೇಲೆ ಯಂತ್ರದ ಪಾಲಿಶ್ ಮಾಡುವ ಮುನ್ನ ಇಂಥ ತಜ್ಞರ ಒಂದು ಮಾತು ಕೇಳುವುದನ್ನು ಕಡ್ಡಾಯ ಮಾಡಬೇಕು. ದಿನದ ಪೂಜೆಯ ಪಾತ್ರೆಗಳಿಗೆ ಈ ನಿರ್ಬಂಧ ಬೇಕಿಲ್ಲ.

ಕಟ್ಟಡಗಳ ಟೆಂಡರ್ ದಾಖಲೆಗಳೂ ಬದಲಾಗಬೇಕು. ‘ಹಿತ್ತಾಳೆ ಫಿಟ್ಟಿಂಗ್, ಉತ್ತಮ ಗುಣಮಟ್ಟ’ ಎಂದು ಬರೆದು ಬಿಟ್ಟರೆ ಗುತ್ತಿಗೆದಾರ ಮುಲಾಮಿನ ಮಾಲು ತಂದು ಜಡಿದರೂ ಕೇಳುವಂತಿಲ್ಲ. ಒಡಲಿನ ಲೋಹ, ದಪ್ಪ, ಮಾನಕದ ಸಂಖ್ಯೆ, ಉಪ್ಪು ಮಂಜಿನ ಪರೀಕ್ಷೆಯ ಗಂಟೆ, ಸ್ಕ್ರೂವಿನ ಲೋಹ, ಇಷ್ಟನ್ನು ಬರೆಯಲು ಐದು ಸಾಲು ಸಾಕು. ನಿರ್ವಹಣೆಯ ಭಾಗದಲ್ಲಿ ‘ತಿಂಗಳಿಗೊಮ್ಮೆ ಪಾಲಿಶ್’ ಎಂಬ ಸಾಲನ್ನು ತೆಗೆದು, ಒಳನಾಡಿನಲ್ಲಿ ವರ್ಷಕ್ಕೆರಡು ಸಲ ಮೇಣ, ಕಡಲ ಪಕ್ಕದಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಮೇಣ, ವಾರಕ್ಕೊಮ್ಮೆ ಸಿಹಿನೀರಿನ ಒರೆತ ಎಂದು ಬರೆಯಬೇಕು. ಲೋಕೋಪಯೋಗಿ ಇಲಾಖೆಯೂ ಅಪಾರ್ಟ್‌ಮೆಂಟ್ ಸಂಘಗಳೂ ಇದನ್ನು ಮುಂದಿನ ಗುತ್ತಿಗೆಯಿಂದಲೇ ಶುರು ಮಾಡಬಹುದು, ಇದಕ್ಕೆ ಹೊಸ ಕಾಯ್ದೆಯಾಗಲೀ ಹೊಸ ಅನುದಾನವಾಗಲೀ ಬೇಕಿಲ್ಲ.